ಬಿಸಿಲಿಗೆ ಕೆಟ್ಟ ಚರ್ಮ: ವೈದ್ಯರ ಚೀಟಿಯ ಮುಲಾಮು ಹಚ್ಚುವ ಬಗೆ

ಬೆಳ್ಳೂರು ಹೋಬಳಿಯ ರೈತರು ವರ್ಷದ ಬಹುಪಾಲು ದಿನಗಳನ್ನು ಬಯಲಿನಲ್ಲಿಯೇ ಕಳೆಯುವರು. ರಾಗಿ ಹೊಲದಲ್ಲಿ ಕುಂಟೆ ಹೊಡೆಯುವುದು, ಹುರುಳಿ ಕೀಳುವುದು, ತೆಂಗಿನ ಪಾತಿ ಮಾಡುವುದು, ದನ ಕುರಿ ಮೇಯಿಸುವುದು, ಇವುಗಳಲ್ಲಿ ಯಾವುದೂ ನೆರಳಿನ ಕೆಲಸವಲ್ಲ. ಮಳೆಯನ್ನೇ ನಂಬಿದ ನಾಗಮಂಗಲ ತಾಲ್ಲೂಕಿನಲ್ಲಿ ಬಿಸಿಲಿಗೆ ಬೆನ್ನು ಕೊಡದೆ ಬೇಸಾಯ ಸಾಗದು.

ಬೆಳೆಯ ಎಲೆಯ ಮೇಲೆ ಚುಕ್ಕೆ ಕಂಡರೆ ಮರುದಿನವೇ ಆ ಎಲೆಯನ್ನು ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬರುವ ರೈತರು, ತಮ್ಮ ಮೈಮೇಲೆ ಮಚ್ಚೆ ಬಿದ್ದಾಗ ಮಾತ್ರ ವರ್ಷಗಟ್ಟಲೆ ಸುಮ್ಮನಿರುವುದುಂಟು. ಇಲ್ಲವೇ ಔಷಧಿ ಅಂಗಡಿಗೆ ಹೋಗಿ, “ತುರಿಕೆಗೆ ಒಂದು ಟ್ಯೂಬ್ ಕೊಡಿ” ಎಂದು ಕೇಳಿ, ಕೊಟ್ಟದ್ದನ್ನು ತಿಂಗಳುಗಟ್ಟಲೆ ಹಚ್ಚುವುದುಂಟು. ಎರಡೂ ಅಪಾಯಕರ. ಸುಮ್ಮನಿದ್ದರೆ ಕೆಲವು ಮಚ್ಚೆಗಳು ಕ್ಯಾನ್ಸರ್ ಆಗಬಹುದು. ತಪ್ಪು ಮುಲಾಮು ಹಚ್ಚಿದರೆ ಚರ್ಮ ತೆಳುವಾಗಿ ಹರಿಯಬಹುದು, ಕಣ್ಣಿನ ದೃಷ್ಟಿಗೂ ಕುತ್ತು ಬರಬಹುದು. ಆದ್ದರಿಂದ ಬಿಸಿಲು ತಗಲುವ ಜಾಗದ ಚರ್ಮರೋಗಗಳು, ಅವುಗಳಿಗೆ ವೈದ್ಯರು ಬರೆದುಕೊಡುವ ಮುಲಾಮುಗಳು ಮತ್ತು ಅವುಗಳನ್ನು ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ರೋಗ ಗುರುತಿಸಿ

ಬೆಂಕಿ ರೋಗಕ್ಕೆ ಕೀಟನಾಶಕ ಹೊಡೆದರೆ ಹಣವೂ ಹೋಯಿತು, ಬೆಳೆಯೂ ಹೋಯಿತು. ಮುಲಾಮಿನ ವಿಷಯವೂ ಹೀಗೆಯೇ. ಹಣೆ, ಕಿವಿ, ಕುತ್ತಿಗೆ, ಮುಂಗೈಗಳ ಮೇಲೆ ಬರುವ ಮಚ್ಚೆಗಳೆಲ್ಲ ಒಂದೇ ಕಾಯಿಲೆಯಲ್ಲ. ನಮ್ಮ ಕಡೆ ಕಾಣಬಹುದಾದ ಮುಖ್ಯವಾದವು ಇವು.

ಕಾಂಗ್ರೆಸ್ ಗಿಡದ ನಂಜು: ನಮ್ಮ ರಾಜ್ಯದ ರೈತರನ್ನು ಹೆಚ್ಚಾಗಿ ಕಾಡುವ ಬಿಸಿಲಿನ ಚರ್ಮರೋಗಗಳಲ್ಲಿ ಇದೊಂದು. ಅಮೆರಿಕ ಖಂಡದಿಂದ ಬಂದ ಪಾರ್ಥೇನಿಯಂ ಕಳೆ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿತು. ಕರ್ನಾಟಕ ಸರ್ಕಾರ 1975ರಲ್ಲಿಯೇ ಇದನ್ನು ಹಾನಿಕರ ಕಳೆಯೆಂದು ಘೋಷಿಸಿತು. ಇದರಲ್ಲಿರುವ ಪಾರ್ಥೆನಿನ್ ಎಂಬ ಪದಾರ್ಥ ಗಿಡದ ಸೂಕ್ಷ್ಮ ರೋಮ ಹಾಗೂ ಒಣ ಪುಡಿಯ ಜೊತೆ ಗಾಳಿಯಲ್ಲಿ ತೇಲಿಬಂದು ಮೈಮೇಲೆ ಕೂರುತ್ತದೆ. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಮೊದಲು ತುರಿಕೆ ಹುಟ್ಟುತ್ತದೆ. ವರ್ಷಗಳು ಕಳೆದಂತೆ ಚರ್ಮ ದಪ್ಪವಾಗಿ, ಕಪ್ಪಾಗಿ, ಆನೆಯ ಚರ್ಮದಂತೆ ಗೆರೆಗಳು ಮೂಡುತ್ತವೆ. ಕೊನೆಗೆ ಕೆಲವರಿಗೆ ಗಿಡವಿಲ್ಲದಿದ್ದರೂ ಬರೀ ಬಿಸಿಲೇ ಸಹಿಸದಂತಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಇಂಥವರನ್ನು ಮನೆಯಲ್ಲಿ ದೂರ ಇಡುವುದು ತಪ್ಪು.

ಬಿಸಿಲಿನ ಒರಟು ಮಚ್ಚೆ: ಹಲವಾರು ವರ್ಷ ಬಿಸಿಲು ಕುಡಿದ ಚರ್ಮದ ಮೇಲೆ ಚಿಕ್ಕ ಒರಟು ಮಚ್ಚೆಗಳು ಏಳುತ್ತವೆ. ಕಣ್ಣಿಗಿಂತ ಬೆರಳಿಗೇ ಇವು ಬೇಗ ತಿಳಿಯುತ್ತವೆ. ಬಡಗಿ ಬಳಸುವ ಉಪ್ಪುಕಾಗದವನ್ನು ಮುಟ್ಟಿದಂತಿರುತ್ತದೆ. ವೈದ್ಯರು ಇದನ್ನು ಆಕ್ಟಿನಿಕ್ ಕೆರಟೋಸಿಸ್ ಎನ್ನುವರು. ಬೋಳು ತಲೆ, ಹಣೆ, ಕಿವಿಯ ಅಂಚು, ಮುಂಗೈ ಇದರ ಜಾಗ. ನಮ್ಮ ಕಂದು ಚರ್ಮದಲ್ಲಿರುವ ಬಣ್ಣದ ಕಣಗಳು ಕೊಡೆಯಂತೆ ಕಾಯುವುದರಿಂದ ಬಿಳಿಯರಲ್ಲಿ ಇರುವಷ್ಟು ಇದು ನಮ್ಮಲ್ಲಿಲ್ಲ. ಆದರೆ ಹುಟ್ಟಿನಿಂದಲೇ ಮೈ ಕೂದಲೆಲ್ಲ ಬೆಳ್ಳಗಿರುವವರಿಗೆ ಈ ರಕ್ಷಣೆ ಇಲ್ಲ. ಅವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಈ ಮಚ್ಚೆಗಳೂ, ಚರ್ಮದ ಕ್ಯಾನ್ಸರೂ ಬರಬಹುದು. ಅಂಥ ಮಕ್ಕಳಿರುವ ಮನೆಯವರು ಈ ಮಾತನ್ನು ಮರೆಯಬಾರದು.

ಬಂಗು: ಕೆನ್ನೆ, ಹಣೆ, ಮೂಗಿನ ಮೇಲೆ ಹರಡುವ ಕಂದು ಛಾಯೆ ಇದು. ಹೆಂಗಸರಲ್ಲಿ ಹೆಚ್ಚು. ಬಿಸಿಲಿನಿಂದ ಗಾಢವಾಗುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಇದಕ್ಕೆಂದು ಹಚ್ಚುವ “ಬೆಳ್ಳಗೆ ಮಾಡುವ” ಮುಲಾಮುಗಳಿಂದ ಕೆಟ್ಟ ಮುಖಗಳು ಎಷ್ಟೋ ಇವೆ.

ಪೆಲಾಗ್ರ: ಕುತ್ತಿಗೆಯ ಸುತ್ತ ಹಾರ ಹಾಕಿದಂತೆ, ಮುಂಗೈ ಮತ್ತು ಪಾದದ ಮೇಲೆ ಬಿಸಿಲು ಬೀಳುವ ಕಡೆ ಮಾತ್ರ ಚರ್ಮ ಕಪ್ಪಾಗಿ ಬಿರಿಯುವುದು, ಜೊತೆಗೆ ಭೇದಿ, ಮಂಕುತನ ಇದ್ದರೆ ಅದು ನಯಾಸಿನ್ ಎಂಬ ಜೀವಸತ್ವದ ಕೊರತೆ. ಅತಿಯಾಗಿ ಕುಡಿಯುವವರಲ್ಲಿ, ಸರಿಯಾಗಿ ಊಟ ಮಾಡದವರಲ್ಲಿ ಬರುತ್ತದೆ. ಇದಕ್ಕೆ ಮುಲಾಮು ಮದ್ದಲ್ಲ. ಮಾತ್ರೆ ಮತ್ತು ಸತ್ವಯುತ ಆಹಾರವೇ ಮದ್ದು.

ಬಿಸಿಲಿಗೆ ಸಂಬಂಧವಿಲ್ಲದವು: ಉಂಗುರದಂತೆ ಹರಡುವ ತುರಿಕೆ ಗಜಕರ್ಣವಿರಬಹುದು. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕುಷ್ಠವಿರಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ ಮತ್ತು ಬೇಗ ಬಂದವರು ಪೂರ್ಣ ಗುಣವಾಗುತ್ತಾರೆ. ಬಿಸಿಲೇ ಕಾಣದ ಅಂಗೈ, ಅಂಗಾಲುಗಳಲ್ಲಿ ಗಂಟು ಗಂಟಾಗಿ ಚರ್ಮ ದಪ್ಪವಾದರೆ ಕುಡಿಯುವ ನೀರಿನ ಕಡೆಗೂ ನೋಡಬೇಕಾಗುತ್ತದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್ ವಿಷದಿಂದ ಜನರಿಗೆ ಇಂಥ ಗಂಟುಗಳೂ, ಕ್ಯಾನ್ಸರೂ ಬಂದದ್ದನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು.

ಇಷ್ಟು ಬಗೆಗಳನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಬೇರ್ಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ಚರ್ಮವೈದ್ಯರೇ ನೋಡಬೇಕು. ನಮ್ಮ ಭಾಗದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಅನುಮಾನ ಬಂದರೆ ವೈದ್ಯರು ಮಚ್ಚೆಯಿಂದ ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸುವರು. “ಕತ್ತರಿಸಿದರೆ ಹರಡುತ್ತದೆ” ಎಂಬ ಭಯ ಬೇಡ. ಗೊಬ್ಬರ ಹಾಕುವ ಮುನ್ನ ಮಣ್ಣಿನ ಮಾದರಿ ತೆಗೆದು ಕಳಿಸುವುದಿಲ್ಲವೇ, ಹಾಗೆಯೇ ಇದು.

ತಣಿಸುವ ಮುಲಾಮು: ಸ್ಟಿರಾಯ್ಡ್

ಕಾಂಗ್ರೆಸ್ ಗಿಡದ ನಂಜಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಸ್ಟಿರಾಯ್ಡ್ ಮುಲಾಮು. ಉರಿ, ತುರಿಕೆ, ಊತವನ್ನು ಇದು ಬೇಗ ಇಳಿಸುತ್ತದೆ. ಬೇಗ ಇಳಿಸುವುದೇ ಇದರ ಗುಣ, ಅದೇ ಇದರ ಅಪಾಯ. ಎರಡು ದಿನದಲ್ಲಿ ಹಿತವಾದದ್ದರಿಂದ ರೋಗವೇ ಹೋಯಿತೆಂದು ಭಾವಿಸಿ, ಜನರು ಚೀಟಿಯನ್ನು ಬಿಟ್ಟು ಟ್ಯೂಬನ್ನು ಮಾತ್ರ ಇಟ್ಟುಕೊಳ್ಳುವರು. ಅಕ್ಕಪಕ್ಕದವರೂ ಕೇಳಿ ಪಡೆಯುವರು.

ಈ ಮುಲಾಮುಗಳಲ್ಲಿ ಸೌಮ್ಯವಾದವು, ಪ್ರಬಲವಾದವು ಎಂಬ ದರ್ಜೆಗಳಿವೆ. ಹೈಡ್ರೋಕಾರ್ಟಿಸೋನ್ ಸೌಮ್ಯ. ಮೊಮೆಟಸೋನ್, ಬೀಟಾಮೆಥಸೋನ್ ಅದಕ್ಕಿಂತ ಬಲವಾದವು. ಕ್ಲೋಬೆಟಸಾಲ್ ಅತಿ ಪ್ರಬಲ. ಇದನ್ನು ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚು, ವಾರಕ್ಕೆ 50 ಗ್ರಾಂ ಮೀರಿ ಹಚ್ಚಬಾರದೆಂಬ ನಿಯಮವಿದೆ. ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ಪ್ರಬಲ ಮುಲಾಮು ಸಲ್ಲದು. ಅಲ್ಲಿ ಚರ್ಮ ತೆಳುವಾಗಿದ್ದು ಔಷಧ ಹೆಚ್ಚು ಇಳಿಯುತ್ತದೆ. ಮಕ್ಕಳ ಚರ್ಮವೂ ಹಾಗೆಯೇ.

ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಹೆಂಗಸರ ಮುಖದಲ್ಲಿ ಕೂದಲು ಬೆಳೆಯುತ್ತದೆ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚು ಉರಿಯುತ್ತದೆ. ಆದ್ದರಿಂದ ಮತ್ತೆ ಹಚ್ಚುವರು. ಕುಡಿತದ ಚಟದಂತೆ ಚರ್ಮಕ್ಕೂ ಚಟ ಹಿಡಿಯುತ್ತದೆ. ರೆಪ್ಪೆಯ ಮೇಲೆ ಬಹುಕಾಲ ಹಚ್ಚಿದವರಿಗೆ ಕಣ್ಣಿನ ಒತ್ತಡ ಏರಿ ದೃಷ್ಟಿ ನಷ್ಟವಾಗುವ, ಪೊರೆ ಬರುವ ಸಂಭವವಿದೆ. ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ಅಡಗಿ, ಒಳಗೊಳಗೇ ಬೂಷ್ಟು ಮೈಯೆಲ್ಲ ಹಬ್ಬುತ್ತದೆ.

ಈ ದುರ್ಬಳಕೆಯ ಕಾರಣದಿಂದಲೇ ಕೇಂದ್ರ ಆರೋಗ್ಯ ಮಂತ್ರಾಲಯವು 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ಮಾಡಿತು. ಟ್ಯೂಬಿನ ಮೇಲೆ ಔಷಧದ ಹೆಸರನ್ನು ಮಕ್ಕಳಿಂದಲಾದರೂ ಓದಿಸಿ. “ಸೋನ್”, “ಸಾಲ್”, “ಸೊಲೋನ್” ಎಂದು ಮುಗಿಯುವ ಹೆಸರಿದ್ದರೆ ಸಾಮಾನ್ಯವಾಗಿ ಅದು ಸ್ಟಿರಾಯ್ಡ್ ಎಂದು ತಿಳಿಯಬಹುದು. ಮುಖ ಬೆಳ್ಳಗಾಗಲೆಂದು ಕೊಂಡ ಟ್ಯೂಬಿನಲ್ಲೂ ಇದು ಅಡಗಿರಬಹುದು.

ಬಹಳ ಕಾಲದಿಂದ ಹಚ್ಚುತ್ತಿರುವವರು ಈ ಲೇಖನ ಓದಿ ಒಮ್ಮೆಲೇ ನಿಲ್ಲಿಸಬಾರದು. ಟ್ಯೂಬನ್ನೇ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಕ್ರಮವಾಗಿ ಇಳಿಸಬೇಕು.

ಸುಡುವ ಮುಲಾಮು: ಫ್ಲೋರೋಯುರಾಸಿಲ್

ಬಿಸಿಲಿನ ಒರಟು ಮಚ್ಚೆಗೆ ಕೊಡುವ ಔಷಧ ಇದಕ್ಕೆ ತೀರ ವಿರುದ್ಧ. ಒಂದೆರಡು ಮಚ್ಚೆಗಳಿದ್ದರೆ ವೈದ್ಯರು ಅತಿ ಶೀತಲ ದ್ರವ ಸಾರಜನಕ ತಾಗಿಸಿ ಉದುರಿಸುವರು. ಹಲವು ಮಚ್ಚೆಗಳಿದ್ದರೆ 5-ಫ್ಲೋರೋಯುರಾಸಿಲ್ ಎಂಬ ಮುಲಾಮು ಬರೆಯುವರು. ಈ ಔಷಧವನ್ನು 1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡಲ್‌ಬರ್ಗರ್ ಮತ್ತು ಸಂಗಡಿಗರು ಕ್ಯಾನ್ಸರ್‌ಗೆಂದು ಕಂಡುಹಿಡಿದರು. ಇದನ್ನು ಪಡೆಯುತ್ತಿದ್ದ ರೋಗಿಗಳ ಮೈಮೇಲಿನ ಬಿಸಿಲಿನ ಮಚ್ಚೆಗಳು ಕೆಂಪಾಗಿ ಉದುರಿಹೋದದ್ದನ್ನು ವೈದ್ಯರು ಗಮನಿಸಿದರು. ಅಲ್ಲಿಂದ ಮುಲಾಮಿನ ರೂಪ ಬಳಕೆಗೆ ಬಂತು.

ಪೈರನ್ನು ಉಳಿಸಿ ಅಗಲ ಎಲೆಯ ಕಳೆಯನ್ನು ಮಾತ್ರ ಕೊಲ್ಲುವ ಕಳೆನಾಶಕವನ್ನು ರೈತರು ಬಲ್ಲರು. ಈ ಮುಲಾಮು ಕೆಲಸ ಮಾಡುವುದು ಹೆಚ್ಚುಕಡಿಮೆ ಆ ಬಗೆಯಲ್ಲಿ. ಕೆಟ್ಟ ಜೀವಕೋಶಗಳು ಅತಿವೇಗವಾಗಿ ಇಮ್ಮಡಿಯಾಗುತ್ತಿರುತ್ತವೆ. ಹಾಗೆ ಇಮ್ಮಡಿಯಾಗುವ ಕೋಶವನ್ನು ಇದು ತಡೆದು ಸಾಯಿಸುತ್ತದೆ. ನಿಧಾನವಾಗಿ ಬೆಳೆಯುವ ಒಳ್ಳೆಯ ಚರ್ಮಕ್ಕೆ ಹಾನಿ ಕಡಿಮೆ. ಕಣ್ಣಿಗೆ ಕಾಣದಿದ್ದ ಸಣ್ಣ ಮಚ್ಚೆಗಳು ಕೂಡ ಮುಲಾಮು ಬಿದ್ದ ಮೇಲೆ ಕೆಂಪಾಗಿ ಹೊರಬೀಳುತ್ತವೆ. ಹೊಸದಾಗಿ ರೋಗ ಹುಟ್ಟಿತೆಂದು ಹೆದರಬಾರದು.

ಸಾಮಾನ್ಯವಾಗಿ ಶೇಕಡಾ 5ರ ಮುಲಾಮನ್ನು ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಹಚ್ಚಲು ಹೇಳುವರು. ಮೊದಲ ಕೆಲವು ದಿನ ಏನೂ ಕಾಣದು. ನಂತರ ಕೆಂಪಾಗಿ ಉರಿಯುತ್ತದೆ. ಆಮೇಲೆ ಸಿಪ್ಪೆ ಎದ್ದು, ಹಸಿಯಾಗಿ, ಹಕ್ಕಳೆ ಕಟ್ಟುತ್ತದೆ. ನಿಲ್ಲಿಸಿದ ಎರಡರಿಂದ ನಾಲ್ಕು ವಾರದಲ್ಲಿ ಹೊಸ ಚರ್ಮ ಬರುತ್ತದೆ. ನಡುವೆ ಮುಖ ನೋಡಲು ಚೆನ್ನಾಗಿರುವುದಿಲ್ಲ. ಮನೆಯವರು ಗಾಬರಿಯಾಗಿ “ಮುಲಾಮು ಸುಟ್ಟಿತು” ಎಂದು ಬಿಡಿಸುವುದು ಇಲ್ಲಿಯೇ. ಅರ್ಧಕ್ಕೆ ಬಿಟ್ಟರೆ ಬೇರು ಉಳಿದ ಗರಿಕೆಯಂತೆ ಮಚ್ಚೆ ಮತ್ತೆ ಚಿಗುರಬಹುದು. ಎಷ್ಟು ಕೆಂಪು ಸರಿ, ಯಾವಾಗ ಬಂದು ತೋರಿಸಬೇಕು ಎಂಬುದನ್ನು ಮೊದಲ ದಿನವೇ ವೈದ್ಯರಿಂದ ಕೇಳಿ ತಿಳಿಯಿರಿ. ನಾಟಿ, ಕೊಯ್ಲು, ಮದುವೆ, ಜಾತ್ರೆಗಳ ದಿನ ನೋಡಿಕೊಂಡು ಚಿಕಿತ್ಸೆ ಆರಂಭಿಸುವುದು ಒಳ್ಳೆಯದು.

ಒಂದು ತಣಿಸುವ ಮುಲಾಮು, ಇನ್ನೊಂದು ಸುಡುವ ಮುಲಾಮು. ಕಾಂಗ್ರೆಸ್ ಗಿಡದ ನಂಜಿಗೆ ಸುಡುವುದನ್ನು ಹಚ್ಚಿದರೆ ಮುಖ ಹುಣ್ಣಾಗುತ್ತದೆ. ಬಿಸಿಲಿನ ಒರಟು ಮಚ್ಚೆಗೆ ತಣಿಸುವುದನ್ನು ಹಚ್ಚಿದರೆ ಕೆಂಪು ಮಾಯವಾಗಿ ಕ್ಯಾನ್ಸರ್ ಮರೆಯಲ್ಲಿ ಬೆಳೆಯಲು ಅವಕಾಶವಾಗುತ್ತದೆ. ಎರಡೂ ಟ್ಯೂಬುಗಳು ನೋಡಲು ಒಂದೇ ರೀತಿ ಇರುತ್ತವೆ. ಒಬ್ಬರಿಗೆ ಬರೆದ ಮುಲಾಮನ್ನು ಇನ್ನೊಬ್ಬರು ಹಚ್ಚಬಾರದು ಎನ್ನುವುದು ಇದಕ್ಕೇ.

ಹಚ್ಚುವಾಗ ಪಾಲಿಸಬೇಕಾದ ಕ್ರಮ

1. ಮೈ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಒಣಗಿದ ಮೇಲೆ ಹಚ್ಚಿ. ಉಜ್ಜಬೇಡಿ.

2. ಸ್ಟಿರಾಯ್ಡ್ ಮುಲಾಮಿಗೆ ಬೆರಳೇ ಅಳತೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಇದು ಎರಡು ಹಸ್ತದಗಲದ ಚರ್ಮಕ್ಕೆ ಸಾಕು. ಒಂದು ಕೈಯ ಹಸ್ತಕ್ಕೆ ಒಂದು ಅಳತೆ, ಮುಖ ಮತ್ತು ಕುತ್ತಿಗೆಗೆ ಎರಡೂವರೆ, ಒಂದು ತೋಳಿಗೆ ಮೂರು.

3. ಸುಡುವ ಮುಲಾಮನ್ನು ತೆಳ್ಳಗೆ, ವೈದ್ಯರು ತೋರಿಸಿದ ಜಾಗಕ್ಕೆ ಮಾತ್ರ ಹಚ್ಚಿ. ಕಣ್ಣು, ಮೂಗಿನ ಹೊಳ್ಳೆ, ತುಟಿಗೆ ತಾಗಬಾರದು. ಹಚ್ಚಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ. ಅದೇ ಕೈಯಲ್ಲಿ ಹಾಲು ಕರೆಯುವುದು, ಮುದ್ದೆ ಕಟ್ಟುವುದು ಸಲ್ಲದು.

4. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಸುಡುವ ಮುಲಾಮನ್ನು ಬಳಸಬಾರದು. ಬೇರೆಯವರಿಗೆ ಹಚ್ಚಿಕೊಡಲೂಬಾರದು.

5. ಈ ಮುಲಾಮು ಸ್ವಲ್ಪವೇ ನಾಯಿಯ ಹೊಟ್ಟೆಗೆ ಹೋದರೂ ಅದು ಸಾಯಬಹುದು. ಟ್ಯೂಬನ್ನು ಅಗಿಯಲು, ಹಚ್ಚಿದ ಜಾಗವನ್ನು ನೆಕ್ಕಲು ಬಿಡಬೇಡಿ. ಖಾಲಿ ಟ್ಯೂಬನ್ನು ತಿಪ್ಪೆಗೆ ಎಸೆಯದೆ ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಿ. ಎತ್ತರದ ಗೂಡಿನಲ್ಲಿ, ಮಕ್ಕಳಿಗೆ ಎಟುಕದಂತೆ ಟ್ಯೂಬನ್ನು ಇಡಿ.

6. ವೈದ್ಯರು ಹೇಳದೆ ಮುಲಾಮಿನ ಮೇಲೆ ಪ್ಲಾಸ್ಟಿಕ್ಕಾಗಲಿ ಬಿಗಿ ಪಟ್ಟಿಯಾಗಲಿ ಕಟ್ಟಬೇಡಿ. ಔಷಧ ಹೆಚ್ಚು ಒಳಗಿಳಿಯುತ್ತದೆ.

7. ಜಿಡ್ಡಿನ ಮುಲಾಮು ಹೀರಿದ ಬಟ್ಟೆಗೆ ಬೆಂಕಿ ಬಹು ಬೇಗ ಹತ್ತುತ್ತದೆ. ಸೌದೆ ಒಲೆ, ಬೀಡಿ ಬೆಂಕಿಯ ಬಳಿ ಎಚ್ಚರ.

8. ಬಹಳ ಅಪರೂಪಕ್ಕೆ ಕೆಲವರ ದೇಹದಲ್ಲಿ ಸುಡುವ ಮುಲಾಮಿನ ಔಷಧವನ್ನು ಕರಗಿಸುವ ಕಿಣ್ವ ಇರುವುದಿಲ್ಲ. ಹೊಟ್ಟೆನೋವು, ವಾಂತಿ, ರಕ್ತಭೇದಿ, ಜ್ವರ ಕಂಡರೆ ಹಚ್ಚುವುದನ್ನು ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

9. ಬೇಗ ಗುಣವಾಗಲೆಂದು ಎರಡು ಸಲಕ್ಕೆ ನಾಲ್ಕು ಸಲ ಹಚ್ಚಬೇಡಿ. ಅತಿಯಾದರೆ ಅಮೃತವೂ ವಿಷ.

10. ಮಚ್ಚೆಗೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬೇಡಿ. ನಿಂಬೆರಸ ಮತ್ತು ಬಿಸಿಲು ಸೇರಿದರೆ ಸುಟ್ಟ ಬೊಬ್ಬೆ ಏಳುತ್ತದೆ.

ಬಿಸಿಲನ್ನೂ ಕಳೆಯನ್ನೂ ತಡೆಯಿರಿ

ನೀರು ನಿಂತ ಗದ್ದೆಗೆ ಎಷ್ಟು ಗೊಬ್ಬರ ಸುರಿದರೇನು, ಮೊದಲು ಬಸಿಗಾಲುವೆ ತೋಡಬೇಕು. ಕಾರಣ ಉಳಿದರೆ ಮುಲಾಮು ಹಚ್ಚಿ ಫಲವಿಲ್ಲ. ಬೆಳಗಿನ 10ರಿಂದ ಸಂಜೆ 4ರವರೆಗಿನ ಬಿಸಿಲು ಚರ್ಮಕ್ಕೆ ಹೆಚ್ಚು ಕೆಡುಕು. ಸಾಧ್ಯವಿದ್ದ ಕೆಲಸವನ್ನು ಅದರ ಹಿಂದೆ ಮುಂದೆ ಇಟ್ಟುಕೊಳ್ಳಿ. ತುಂಬುತೋಳಿನ ಅಂಗಿ ತೊಡಿ. ಹಿರಿಯರು ಸುತ್ತುತ್ತಿದ್ದ ರುಮಾಲು ಬೋಳುತಲೆಯನ್ನೂ ಕಿವಿಯನ್ನೂ ಕಾಯುತ್ತದೆ. ಈಗಿನ ಟೋಪಿ ಕಿವಿಯನ್ನು ಕಾಯದು. ಹೆಂಗಸರು ಸೆರಗಿನ ಜೊತೆ ಒಂದು ಹತ್ತಿಯ ಅಂಗಿಯನ್ನು ಮೇಲೆ ತೊಡುವುದು ಉತ್ತಮ. ಬಿಸಿಲು ತಡೆಯುವ ಕ್ರೀಮನ್ನು ವೈದ್ಯರು ಬರೆದಿದ್ದರೆ ಹೊಲಕ್ಕೆ ಹೊರಡುವ 20 ನಿಮಿಷ ಮೊದಲು ಹಚ್ಚಿ, ಬೆವರುವವರು ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಕಾಂಗ್ರೆಸ್ ಗಿಡವನ್ನು ಹೂ ಬರುವ ಮೊದಲೇ, ಮಳೆ ಬಿದ್ದು ನೆಲ ಹದವಾಗಿರುವಾಗ ಬೇರುಸಹಿತ ಕೀಳಬೇಕು. ಹೂ ಬಿಟ್ಟರೆ ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಕೀಳುವಾಗ ಕೈಗವಸು ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿ. ನಂಜು ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಮನೆಯ ಬೇರೆಯವರು ಮಾಡಲಿ. ಒಣಗಿದ ಗಿಡದಲ್ಲಿಯೂ ನಂಜು ಇರುವುದರಿಂದ ಅದನ್ನು ಗುಡಿಸಿ ಧೂಳೆಬ್ಬಿಸುವುದು ಬೇಡ. ಹೂವಿಲ್ಲದ ಎಳೆ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಬೆಳೆಯಿಲ್ಲದ ರಸ್ತೆಬದಿ, ಬೀಳು ಜಾಗದಲ್ಲಿ ಒಂದು ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಎಳೆಯ ಗಿಡಗಳಿಗೆ ಸಿಂಪಡಿಸಬಹುದು. ಸಾಗುವಳಿ ಭೂಮಿಗೆ ಉಪ್ಪು ಬೇಡ. ಮಳೆಗಾಲದಲ್ಲಿ ಈ ಗಿಡದ ಎಲೆ ತಿನ್ನುವ ಪಟ್ಟೆಯ ಚಿಕ್ಕ ದುಂಬಿಯನ್ನು ಕಂಡರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಈ ಕೀಟ ರೈತನ ಮಿತ್ರ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ವಾರ ಊರಿನವರೆಲ್ಲ ಸೇರಿ ಶಾಲೆ, ಗುಂಡುತೋಪು, ಕೆರೆ ಏರಿಗಳನ್ನು ಶುಚಿ ಮಾಡಿದರೆ ಒಬ್ಬರ ಹೊಲದ ಬೀಜ ಇನ್ನೊಬ್ಬರ ಹೊಲಕ್ಕೆ ಹಾರುವುದು ತಪ್ಪುತ್ತದೆ.

ಹೊಲದಿಂದ ಬಂದ ಕೂಡಲೇ ಸ್ನಾನ ಮಾಡಿ, ಕೆಲಸದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಅದೇ ಬಟ್ಟೆಯಲ್ಲಿ ಹಾಸಿಗೆಯ ಮೇಲೆ ಕೂರಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಒಂದು ತಿಂಗಳಾದರೂ ಮಾಯದ ಹುಣ್ಣು. ಮುಟ್ಟಿದರೆ ರಕ್ತ ಒಸರುವ, ದಿನೇ ದಿನೇ ಬೆಳೆಯುವ ಗಂಟು. ತಳ ಗಟ್ಟಿಯಾದ ಒರಟು ಮಚ್ಚೆ. ತುಟಿ, ಕಿವಿಯ ಮೇಲಿನ ಹಕ್ಕಳೆ ಉದುರಿ ಮತ್ತೆ ಮತ್ತೆ ಕಟ್ಟುವುದು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹೊಸ ಹುಣ್ಣು ಏಳುವುದು. ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಬೇಡ, ಅಂಗಡಿಯ ಟ್ಯೂಬೂ ಬೇಡ. ಚರ್ಮದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಆರಂಭದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತವೆ. ತಡವಾದರೆ ಕಿವಿ, ಮೂಗು ಹೋಗಬಹುದು. ಗಂಟು ಕುತ್ತಿಗೆಗೆ ಹರಡಿದರೆ ಪ್ರಾಣವೂ ಹೋಗಬಹುದು.

ಆಸ್ಪತ್ರೆಗೆ ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ತಿನ್ನುತ್ತಿರುವ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಬೆಳೆ ಇಡುವಿರಿ, ಯಾವ ಔಷಧ ಸಿಂಪಡಿಸುವಿರಿ, ಯಾವ ತಿಂಗಳಲ್ಲಿ ತುರಿಕೆ ಏರುತ್ತದೆ ಎಂಬುದನ್ನೂ ತಿಳಿಸಿ. ಓದಲು ಬಾರದ ಅಕ್ಕಪಕ್ಕದವರಿಗೆ ಈ ಪುಟವನ್ನು ಓದಿ ಹೇಳಿ. ಮನೆಯ ಗೂಡಿನಲ್ಲಿ ಹಳೆಯ ಟ್ಯೂಬ್ ಇದ್ದರೆ ಇವತ್ತೇ ತೆಗೆದು ಅದರ ಹೆಸರು, ಮುಗಿಯುವ ತಾರೀಖು ನೋಡಿ.